ಕ್ವಾರಿ ಪಕ್ಕದ ಬಾವಿ: ನೀರಿನ ಲೆಕ್ಕ ಇಡುವುದು ಹೇಗೆ?



ಕಳೆದ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ಒಬ್ಬ ಸದಸ್ಯೆ ಕರೆ ಮಾಡಿದರು. ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದ ಹಸು ನಾಲ್ಕಕ್ಕೆ ಇಳಿದಿತ್ತು. ಹೋಗಿ ನೋಡಿದರೆ ಜ್ವರವಿಲ್ಲ, ಕೆಚ್ಚಲು ಬಾವು ಇಲ್ಲ. ಸಗಣಿ ಮಾತ್ರ ಗಟ್ಟಿ ಉಂಡೆ, ಕಣ್ಣು ಒಳಗೆ ಸೇದಿಕೊಂಡಿತ್ತು. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ಕದಡಿದ ನೀರು. ಹಸುವಿಗೆ ನೀರು ಸಾಲುತ್ತಿರಲಿಲ್ಲ. "ಆಚೆ ಕಲ್ಲು ಕ್ವಾರಿ ಆಳ ಆದ್ಮೇಲೆ ನಮ್ ಬಾವಿ ಬತ್ತೋಯ್ತು" ಎಂದರು ಆ ತಾಯಿ. ದೂರು ಕೊಟ್ಟಿದ್ದರು. ನೋಡಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ನೀರು ಎಷ್ಟು ಅಡಿಯಲ್ಲಿತ್ತು?" ಅದಕ್ಕೆ ಉತ್ತರ ಇರಲಿಲ್ಲ. ಎರಡು ಹಸುಗಳಲ್ಲಿ ಒಂದನ್ನು ಮಾರಬೇಕಾಯಿತು.

ಆ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಲಿ ಎಂಬುದಕ್ಕೆ ಈ ಪಾಠ.

ನೀರು ಮತ್ತು ಹಾಲು

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 60ರಿಂದ 100 ಲೀಟರ್ ನೀರು ಬೇಕು. ನೀರು ಕಡಿಮೆಯಾದರೆ ಮೊದಲು ಮೇವು ತಿನ್ನುವುದು ಕಡಿಮೆಯಾಗುತ್ತದೆ, ಹಿಂದೆಯೇ ಹಾಲು ಇಳಿಯುತ್ತದೆ. ಆಗ ಎಷ್ಟು ಹಿಂಡಿ, ಬೂಸಾ ಇಟ್ಟರೂ ಪ್ರಯೋಜನವಿಲ್ಲ.

ಕ್ವಾರಿಯಿಂದ ಬಾವಿಗೆ ಏನಾಗಬಹುದು?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಸವೆದ ಕಲ್ಲಿನ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ.

* ಕ್ವಾರಿ ಗುಂಡಿಯ ತಳ ನಿಮ್ಮ ಬಾವಿಯ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ, ಗುಂಡಿಗೆ ಬಂದ ನೀರನ್ನು ಪಂಪ್ ಹಾಕಿ ಹೊರಗೆ ಬಿಡುತ್ತಿದ್ದರೆ, ಬಿರುಕಿನ ದಾರಿಯಲ್ಲಿ ನಿಮ್ಮ ಬಾವಿಯ ನೀರೂ ಅತ್ತ ಹರಿಯಬಹುದು. ಗುಂಡಿ ನೀರಿನ ಮಟ್ಟಕ್ಕಿಂತ ಮೇಲೇ ಇದ್ದರೆ ಹೀಗೆ ಎಳೆಯಲಾರದು.
* ಸಿಡಿಮದ್ದಿನ ಅದುರಿಗೆ ಬಾವಿಯ ಗೋಡೆಯ ಸಡಿಲ ಮಣ್ಣು ಕುಸಿದು ನೀರು ಕದಡಬಹುದು.
* ಕಲ್ಲು ಸಿಡಿಸಲು ಬಳಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ. ಸುಡದೆ ಉಳಿದದ್ದು ಮಳೆನೀರಿನೊಂದಿಗೆ ಇಳಿದರೆ ನೈಟ್ರೇಟ್ ಹೆಚ್ಚುತ್ತದೆ.

ಆದರೆ ಬಾವಿ ಬತ್ತಲು ಬೇರೆ ಕಾರಣಗಳೂ ಇವೆ. 2023ರಂತಹ ಬರಗಾಲ, ವಿ.ಸಿ. ನಾಲೆಗೆ ನೀರು ಬಿಡದಿರುವುದು, ಪಕ್ಕದ ಕಬ್ಬಿನ ಗದ್ದೆಗೆ ಕೊರೆದ ಹೊಸ ಬೋರ್‌ವೆಲ್. ಇವನ್ನು ಬೇರ್ಪಡಿಸಲು ಲೆಕ್ಕ ಬೇಕು.

ಅಳೆಯುವ ಕ್ರಮ

1. ತೆರೆದ ಬಾವಿಗೆ ಅಡಿ ಗುರುತು ಹಾಕಿದ ಹಗ್ಗ, ತುದಿಗೆ ಕಲ್ಲು. ತಿಂಗಳಿಗೊಮ್ಮೆ ಒಂದೇ ತಾರೀಖು, ಬೆಳಗ್ಗೆ ಮೋಟರ್ ಹಾಕುವ ಮೊದಲು, ಕಟ್ಟೆಯ ಒಂದೇ ಗುರುತಿನಿಂದ ನೀರಿನವರೆಗೆ ಅಳೆಯಿರಿ. ಒಬ್ಬರೇ ಹೋಗಬೇಡಿ.
2. ಬೋರ್‌ವೆಲ್‌ಗೆ ಹಗ್ಗ ಇಳಿಸಬೇಡಿ, ಪಂಪಿನ ಕೇಬಲ್‌ಗೆ ಸಿಕ್ಕಿಕೊಳ್ಳುತ್ತದೆ. 200 ಲೀಟರ್ ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು, ಎಷ್ಟು ಹೊತ್ತಿಗೆ ನೀರು ಕಡಿದು ಗಾಳಿ ಬರುತ್ತದೆ ಎಂದು ಬರೆಯಿರಿ.
3. ಕ್ವಾರಿಯಿಂದ ದೂರವಿರುವ, ಅದೇ ಬಗೆಯ ಇನ್ನೊಂದು ಬಾವಿಯನ್ನು ಅದೇ ದಿನ ಅಳೆಸಿ. ಸಂಘದ ಇನ್ನೊಬ್ಬ ಸದಸ್ಯೆಯ ಬಾವಿ ಆದೀತು.
4. ಮಳೆ ಬಂದ ದಿನ, ನಾಲೆಗೆ ನೀರು ಬಿಟ್ಟ ಮತ್ತು ನಿಲ್ಲಿಸಿದ ದಿನ, ಸಿಡಿತದ ದಿನ ಮತ್ತು ಹೊತ್ತು, ನೀರು ಕದಡಿದ್ದು ಮತ್ತು ತಿಳಿಯಾದದ್ದು: ಎಲ್ಲವನ್ನೂ ಬರೆಯಿರಿ. ಪಕ್ಕದಲ್ಲೇ ಆ ದಿನದ ಹಾಲಿನ ಲೀಟರ್ ಇರಲಿ.

ಎರಡೂ ಬಾವಿ ಒಟ್ಟಿಗೆ ಇಳಿದರೆ ಕಾರಣ ಹೆಚ್ಚಾಗಿ ಮಳೆ ಅಥವಾ ನಾಲೆ. ದೂರದ ಬಾವಿ ನಿಂತಲ್ಲೇ ನಿಂತು, ಹತ್ತಿರದ್ದು ಮಾತ್ರ ಇಳಿಯುತ್ತಿದ್ದರೆ, ಅದೂ ಗುಂಡಿಯಿಂದ ನೀರು ಎತ್ತುವ ತಿಂಗಳುಗಳಲ್ಲೇ ಆದರೆ, ಅನುಮಾನಕ್ಕೆ ಆಧಾರವಿದೆ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಅಳೆಯಿರಿ. ಕ್ವಾರಿ ಇನ್ನೂ ಶುರುವಾಗಿಲ್ಲದಿದ್ದರೆ ಇಂದೇ ಶುರುಮಾಡಿ. ಮೊದಲಿನ ಅಳತೆಗೇ ಹೆಚ್ಚು ಬೆಲೆ.

ನೀರಿನ ಪರೀಕ್ಷೆ

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಪಂಚಾಯಿತಿಯಲ್ಲಿ ವಿಚಾರಿಸಿ. ನೈಟ್ರೇಟ್ ಹೆಚ್ಚಿದ ಮಾತ್ರಕ್ಕೆ ಕ್ವಾರಿಯೇ ಕಾರಣ ಎನ್ನಬೇಡಿ. ಬಾವಿ ಪಕ್ಕದ ತಿಪ್ಪೆ, ಗದ್ದೆಗೆ ಹಾಕಿದ ಯೂರಿಯಾದಿಂದಲೂ ಅದು ಬರುತ್ತದೆ.

ಹಸುವಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ರಕ್ತ ಉಸಿರನ್ನು ಹೊರಲಾರದು. ಯೂರಿಯಾ ಹಾಕಿ ಬೆಳೆದು ಮಳೆಯಿಲ್ಲದೆ ಬಾಡಿದ ಜೋಳದ ಮೇವಿನಲ್ಲೂ ನೈಟ್ರೇಟ್ ತುಂಬಿರುತ್ತದೆ. ಅಂಥ ಮೇವು, ಅಂಥ ನೀರು ಎರಡೂ ಸೇರಿದರೆ ಅಪಾಯ ಹೆಚ್ಚು. ಹಸು ಏದುಸಿರು ಬಿಟ್ಟು, ತೂರಾಡಿ, ಒಸಡು ಕಂದು ಬಣ್ಣಕ್ಕೆ ತಿರುಗಿದರೆ ಮೇವು, ನೀರು ಎರಡನ್ನೂ ತೆಗೆದು ಕೂಡಲೇ ಪಶುವೈದ್ಯರನ್ನು ಕರೆಸಿ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಹೊತ್ತು ಮೀರಬಾರದು.

ಲೆಕ್ಕದಿಂದ ಏನಾದೀತು?

ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವೆಂದು ಜನ ಹೇಳುತ್ತಲೇ ಇದ್ದರು. 2018ರಲ್ಲಿ ಅಣೆಕಟ್ಟೆಯ ಬಳಿಯ ಯಂತ್ರದಲ್ಲಿ ಕಂಪನ ದಾಖಲಾದ ಮೇಲೆ ಆ ಮಾತಿಗೆ ಬಲ ಬಂತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆಗೆ ತಡೆ ನೀಡಿತು. ಅಮೆರಿಕದಲ್ಲಂತೂ, ತೆರೆದ ಕಲ್ಲಿದ್ದಲು ಗಣಿಯಿಂದ ಯಾರದಾದರೂ ಬಾವಿ ಕೆಟ್ಟರೆ ಗಣಿಯವರೇ ಬದಲಿ ನೀರು ಕೊಡಬೇಕೆಂದು 1977ರ ಕಾನೂನು ಹೇಳುತ್ತದೆ. ಅಲ್ಲೂ ಗಣಿಗೆ ಅನುಮತಿ ಕೊಡುವ ಮೊದಲೇ ಸುತ್ತಲಿನ ನೀರಿನ ಸ್ಥಿತಿ ಬರೆದಿಡುತ್ತಾರೆ.

ಅಣೆಕಟ್ಟೆಗೆ ಯಂತ್ರವಿತ್ತು. ನಿಮ್ಮ ಬಾವಿಗೆ ನಿಮ್ಮ ಹಗ್ಗ, ನಿಮ್ಮ ಪುಸ್ತಕ. ದೂರು ಕೊಡುವಾಗ ಪುಸ್ತಕದ ನಕಲನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಅಂತರ್ಜಲ ಇಲಾಖೆಗೂ ಕೊಡಿ, ಸ್ವೀಕೃತಿ ಪಡೆಯಿರಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಸಂಘದ ನಾಲ್ಕೈದು ಸದಸ್ಯೆಯರು ತಮ್ಮ ತಮ್ಮ ಪುಸ್ತಕ ಹಿಡಿದು ಒಟ್ಟಿಗೆ ಹೋಗಿ.

ಬರುವ ತಿಂಗಳ ಒಂದನೇ ತಾರೀಖು ಬೆಳಗ್ಗೆ, ಡೇರಿಗೆ ಹಾಲು ಹಾಕಿ ಬಂದು ಮೊದಲ ಅಳತೆ ಬರೆಯಿರಿ. ನಾನು ನಿಮ್ಮ ಕೊಟ್ಟಿಗೆಗೆ ಬಂದಾಗ ಹಸುವಿನ ಜೊತೆ ಆ ಪುಸ್ತಕವನ್ನೂ ತೋರಿಸಿ.