ತುಳಸಿಯ ಕುಡಿ, ಬಾಳೆಯ ಕಂದು: ಬಿಟ್ಟುಕೊಡುವುದರಿಂದ ಬೆಳೆಯುವ ಬಗೆ

|| ಶ್ರೀಃ ||

ಕಾರ್ತಿಕ ಶುಕ್ಲ ದ್ವಾದಶಿಯು ಸಮೀಪಿಸುತ್ತಿದ್ದಂತೆ ನಮ್ಮ ಶ್ರೀನಗರದ ಮನೆಗಳಲ್ಲಿ ತುಳಸೀಕಟ್ಟೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ನೆಲ್ಲಿಯ ಕೊಂಬೆಯನ್ನು ತರುವ ಸಂಭ್ರಮವು ಆರಂಭವಾಗುತ್ತದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೆ ಅಂಗಳವಿಲ್ಲದಿದ್ದರೂ, ತಾರಸಿಯ ಮೇಲಿನ ಕುಂಡದಲ್ಲಾದರೂ ತುಳಸಿಯಿಲ್ಲದ ಮಾಧ್ವಗೃಹವು ವಿರಳ. ಉತ್ಥಾನ ದ್ವಾದಶಿಯ ಸಂಜೆ ಆ ಗಿಡಕ್ಕೆ ನಾವು ಆರತಿ ಬೆಳಗುತ್ತೇವೆ. ಹಾಗೆ ಪೂಜಿಸುವ ಗಿಡವು ವರ್ಷವಿಡೀ ನಮಗೊಂದು ಪಾಠವನ್ನೂ ಹೇಳುತ್ತಿರುತ್ತದೆ. ಅದನ್ನು ಸಜ್ಜನರ ಮುಂದೆ ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಒಣಗಿದ ತುಳಸಿ

ಪಾಠಶಾಲೆಯಿಂದ ಮನೆಗೆ ಮರಳಿದ ಹೊಸದರಲ್ಲಿ ನಾನು ತಾರಸಿಯ ಮೇಲೆ ಒಂದು ಕೃಷ್ಣತುಳಸಿಯನ್ನು ಸ್ವಂತವಾಗಿ ಬೆಳೆಸಿದೆನು. ಅರ್ಚಕರಾದ ನನ್ನ ತಂದೆಯವರು ದೇವಸ್ಥಾನದ ಹಿಂದಿನ ಗಿಡಗಳಿಂದ ದ್ವಾದಶಿ ಮೊದಲಾದ ನಿಷಿದ್ಧ ದಿನಗಳನ್ನು ಬಿಟ್ಟು ಪ್ರತಿದಿನವೂ ಬೆಳಿಗ್ಗೆ ಮಂಜರಿಯನ್ನೂ ಕುಡಿಯನ್ನೂ ಬಿಡಿಸುತ್ತಿದ್ದರು. ನನ್ನ ಗಿಡವನ್ನು ಮಾತ್ರ ಯಾರೂ ಮುಟ್ಟಬಾರದೆಂದು ನಾನು ತಾಯಿಯವರಿಗೂ ಹೇಳಿಬಿಟ್ಟಿದ್ದೆನು. ಸಾಕ್ಷಾತ್ ಲಕ್ಷ್ಮೀಸನ್ನಿಧಾನವುಳ್ಳ ಗಿಡವನ್ನು ಉಗುರಿನಿಂದ ಚಿವುಟುವುದೇ ಎಂಬುದು ಆಗಿನ ನನ್ನ ಭಕ್ತಿ. ಗಿಡವು ಒಂದೇ ಕಡ್ಡಿಯಾಗಿ ಮೇಲಕ್ಕೇರಿತು, ತುದಿಯಲ್ಲಿ ಮಂಜರಿಗಳು ತುಂಬಿದವು, ಬೀಜ ಕಟ್ಟಿತು. ಫಾಲ್ಗುಣದ ಹೊತ್ತಿಗೆ ಎಲೆಗಳೆಲ್ಲ ಉದುರಿ ಕಡ್ಡಿ ಮಾತ್ರ ಉಳಿಯಿತು. ದೇವಸ್ಥಾನದ ಗಿಡಗಳಾದರೋ ದಿನವೂ ಕೊಯ್ಯಿಸಿಕೊಂಡು ಪೊದೆಪೊದೆಯಾಗಿ ನಿಂತಿದ್ದವು.

ತಂದೆಯವರು ಆ ಕಡ್ಡಿಯನ್ನು ನೋಡಿ, "ನೀನು ಅದನ್ನ ಕಾಪಾಡಲಿಲ್ಲ ಕಣೋ, ಮುಚ್ಚಿಟ್ಟುಕೊಂಡೆ. ಕುಡಿ ಚಿವುಟದೇ ಇದ್ದರೆ ಗಿಡ ಬೀಜಕ್ಕೇ ಹೊರಟುಹೋಗತ್ತೆ" ಎಂದರು. ಆ ಕಡ್ಡಿಯನ್ನು ಎಸೆಯಲಿಲ್ಲ. ಒಣಗಿದ ತುಳಸಿಯ ಕಾಷ್ಠವೂ ಜಪಮಣಿಗೆ ಒದಗುವುದರಿಂದ ತೊಳೆದು ಎತ್ತಿಟ್ಟರು.

ಚಿವುಟಿದರೆ ಚಿಗುರುವುದೇಕೆ?

ಹಿರಿಯರು ಅನುಭವದಿಂದ ಅರಿತಿದ್ದ ಈ ಸಂಗತಿಗೆ ಆಧುನಿಕ ಸಸ್ಯಶಾಸ್ತ್ರವು ಕಾರಣವನ್ನು ಕಂಡುಹಿಡಿದಿದೆ. ಗಿಡದ ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ರಸವು ಉತ್ಪನ್ನವಾಗಿ ಕಾಂಡದೊಳಗೆ ಕೆಳಕ್ಕೆ ಹರಿಯುತ್ತದೆ. ಆ ಪ್ರವಾಹವಿರುವವರೆಗೆ ಎಲೆಗಳ ಕಂಕುಳಿನಲ್ಲಿರುವ ಪಕ್ಕದ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1933ರಲ್ಲಿ ಅವರೆಯ ಜಾತಿಯ ಗಿಡವೊಂದರ ತುದಿಯನ್ನು ಕತ್ತರಿಸಿ, ಪಕ್ಕದ ಮೊಗ್ಗುಗಳು ಎಚ್ಚೆತ್ತುಕೊಳ್ಳುವುದನ್ನು ತೋರಿಸಿದರು; ಕತ್ತರಿಸಿದ ಜಾಗಕ್ಕೆ ಅದೇ ರಸವನ್ನು ಲೇಪಿಸಿದಾಗ ಅವು ಮತ್ತೆ ಮಲಗಿದವು. ತುದಿಯು ಹೋದೊಡನೆ ಅಲ್ಲಿಗೆ ಸಲ್ಲುತ್ತಿದ್ದ ಸಕ್ಕರೆಯ ಅಂಶವು ಪಕ್ಕದ ಮೊಗ್ಗುಗಳಿಗೆ ದೊರೆಯುವುದೂ ಅವುಗಳ ಚಿಗುರುವಿಕೆಗೆ ಕಾರಣವೆಂದು ಬಟಾಣಿ ಗಿಡದ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪಕ್ಕದ ಮೊಗ್ಗುಗಳು ಮೊದಲೇ ಇದ್ದವು. ತೋಟಗಾರನು ಅವುಗಳನ್ನು ಸೃಷ್ಟಿಸಲಿಲ್ಲ. ಅವಕ್ಕೆ ಎಡೆ ಮಾಡಿಕೊಟ್ಟನು. ಜೀವನ ಸ್ವರೂಪಯೋಗ್ಯತೆಯು ಅನಾದಿಯೆಂದೂ, ಅದನ್ನು ಅಭಿವ್ಯಕ್ತಗೊಳಿಸುವ ಸ್ವಾತಂತ್ರ್ಯವು ಶ್ರೀಹರಿಯೊಬ್ಬನದೆಂದೂ ಸಿದ್ಧಾಂತವನ್ನು ಕೇಳಿರುವ ನಮಗೆ ಈ ದೃಷ್ಟಾಂತವು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ತುಳಸಿಯನ್ನು ಮಲ್ಲಿಗೆಯಾಗಿಸಲು ಯಾವ ತೋಟಗಾರನಿಂದಲೂ ಆಗದು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳ ಅಧಿಕಾರವೂ ಇಷ್ಟೇ ಎಂದರೆ ತಪ್ಪಾಗದು.

ತೋಟದಲ್ಲಿ ತ್ರಿವಿಧ ತ್ಯಾಗ

ಹಾಗಾದರೆ ಬಿಡುವುದೆಲ್ಲವೂ ಬೆಳವಣಿಗೆಗೆ ಸಾಧಕವೇ? ಅಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ತ್ಯಾಗವನ್ನು ಮೂರಾಗಿ ವಿಂಗಡಿಸಿದ್ದಾನೆ. ವಿಹಿತವಾದ ಕರ್ಮವನ್ನು ಅಜ್ಞಾನದಿಂದ ಬಿಡುವುದು ತಾಮಸ. ದೇಹಕ್ಕೆ ಶ್ರಮವೆಂಬ ಭಯದಿಂದ ಬಿಡುವುದು ರಾಜಸ. ಕರ್ಮವನ್ನು ಮಾಡುತ್ತಲೇ ಅದರ ಸಂಗವನ್ನೂ ಫಲಾಪೇಕ್ಷೆಯನ್ನೂ ಬಿಡುವುದು ಸಾತ್ತ್ವಿಕ.

ಇದನ್ನು ತೋಟದಲ್ಲಿ ನೋಡೋಣ. "ದೇವರಿದ್ದಾನೆ, ಅವನೇ ಬೆಳೆಸುತ್ತಾನೆ" ಎಂದು ನೀರೆರೆಯದೆ ಕುಳಿತವನು ಬಿಟ್ಟದ್ದು ತನ್ನ ಕರ್ತವ್ಯವನ್ನು; ಅದು ತಾಮಸ. ಬಿಸಿಲೆಂದು ಕಳೆ ಕೀಳದೆ ಒಳಗೆ ಹೋದವನದು ರಾಜಸ. ನೀರೆರೆದು, ಗೊಬ್ಬರ ಹಾಕಿ, ಕುಡಿಯನ್ನು ಚಿವುಟಿ, ಚಿವುಟಿದ ಮಂಜರಿಯನ್ನು ದೇವರ ಪಾದದಲ್ಲಿರಿಸಿ, ಮರುದಿನ ಮತ್ತೆ ನೀರಿನ ಚೊಂಬನ್ನು ಹಿಡಿದು ಬರುವವನದು ಸಾತ್ತ್ವಿಕ. ಮೂವರೂ ಏನನ್ನೋ ಬಿಟ್ಟವರೇ. ಆದರೆ ಮೂರನೆಯವನ ಗಿಡ ಮಾತ್ರ ಚಿಗುರುತ್ತದೆ. ಬಿಡುವುದೆಂದರೆ ಬಿಸಾಡುವುದಲ್ಲವೆಂಬುದು ಇದರಿಂದ ಸ್ಪಷ್ಟ.

ಕಾಲವನ್ನೂ ಅರಿಯಬೇಕು. ಮಲ್ಲಿಗೆಯ ಬಳ್ಳಿಯನ್ನು ಮಾರ್ಗಶಿರದ ಚಳಿಯಲ್ಲಿ ಕತ್ತರಿಸಿದರೆ ವಸಂತದಲ್ಲಿ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುತ್ತದೆ. ಮೊಗ್ಗು ತುಂಬಿರುವಾಗ ಕತ್ತರಿಸಿದರೆ ಆ ವರ್ಷದ ಹೂವೇ ಹೋಗುತ್ತದೆ. ಎರಡೆಲೆಯ ಎಳೆಯ ಸಸಿಗೆ ಬೇಕಾದುದು ಕತ್ತರಿಯಲ್ಲ, ನೆರಳು. ಕುಂಡದಲ್ಲಿ ಬೇರುಗಳು ಸುತ್ತಿಕೊಂಡು ಉಸಿರುಗಟ್ಟಿದ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸಿದಾಗ ಅದು ಕೆಲವು ದಿನ ಬಾಡುತ್ತದೆ. ಆಗ ಹೆದರಿ ಅದನ್ನು ಕಿತ್ತು ಮತ್ತೆ ಹಳೆಯ ಕುಂಡಕ್ಕೇ ತುರುಕಿದರೆ ಎರಡೂ ಕಡೆ ಬೇರೂರದೆ ಸಾಯುತ್ತದೆ. ಆ ಬಾಡುವ ದಿನಗಳನ್ನು ಸಹಿಸುವುದೂ ತೋಟಗಾರನ ತಪಸ್ಸು.

ಬಾಳೆ ಮುಹೂರ್ತದ ರಹಸ್ಯ

ನಮ್ಮ ಸಂಪ್ರದಾಯದಲ್ಲಿ ನೆಡುವುದಕ್ಕೂ ಬಿಟ್ಟುಕೊಡುವುದಕ್ಕೂ ಇರುವ ಸಂಬಂಧವನ್ನು ಉಡುಪಿಯ ಪರ್ಯಾಯದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಲಾರದು. ಶ್ರೀಮದಾಚಾರ್ಯರ ಕಾಲದಲ್ಲಿ ಎರಡೆರಡು ತಿಂಗಳಿದ್ದ ಶ್ರೀಕೃಷ್ಣಪೂಜೆಯ ಸರದಿಯನ್ನು ಶ್ರೀವಾದಿರಾಜರು 1522ರಲ್ಲಿ ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಎಂಟು ಮಠಗಳಿಗೆ ಹದಿನಾರು ವರ್ಷಗಳ ಒಂದು ಆವರ್ತವು ಅಂದಿನಿಂದ ನಡೆದುಬಂದಿದೆ. ಸಮಸಂಖ್ಯೆಯ ವರ್ಷದ ಜನವರಿ 18ರಂದು ಅಧಿಕಾರವು ಹಸ್ತಾಂತರವಾಗುತ್ತದೆ.

ಪರ್ಯಾಯದ ಪೂರ್ವಸಿದ್ಧತೆಯಲ್ಲಿ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು. ಇವುಗಳಲ್ಲಿ ಮೊದಲನೆಯದು ಬಾಳೆ ಮುಹೂರ್ತ. ಪೀಠವೇರುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆಯ ಕಂದುಗಳನ್ನೂ ತುಳಸಿಯ ಸಸಿಗಳನ್ನೂ ನೆಡಲಾಗುತ್ತದೆ. ಬರಲಿರುವ ಭಕ್ತರಿಗೆ ಎಲೆ ಬೇಕು, ಕೃಷ್ಣನಿಗೆ ತುಳಸಿ ಬೇಕು. ನೆಡುವ ಯತಿಗಳಿಗೆ ಎರಡು ವರ್ಷಗಳ ನಂತರ ಎಲ್ಲವನ್ನೂ ಒಪ್ಪಿಸಿ ಹೊರಡಬೇಕೆಂಬುದು ನೆಡುವ ದಿನವೇ ಗೊತ್ತು. ಗೊತ್ತಿದ್ದೂ ನೆಡುತ್ತಾರೆ.

ನೆಡುವ ಗಿಡವೂ ಎಂತಹದು! ಬಾಳೆಯು ಒಂದೇ ಗೊನೆಯನ್ನು ಬಿಡುತ್ತದೆ. ಅನಂತರ ತಾಯಿಗಿಡವನ್ನು ಕಡಿಯಬೇಕು. ಬುಡದಲ್ಲಿ ನಿಂತ ಕಂದು ಅದರ ಸ್ಥಾನಕ್ಕೆ ಬರುತ್ತದೆ. ಅನುಭವಿಯಾದ ಕೃಷಿಕನು ಬುಡದಲ್ಲೇಳುವ ಹತ್ತಾರು ಕಂದುಗಳಲ್ಲಿ ಕತ್ತಿಯಂತಹ ಕಿರಿಯ ಎಲೆಗಳುಳ್ಳ ಸದೃಢವಾದ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯುತ್ತಾನೆ; ಕಾಯಿಗಳು ಕಟ್ಟಿದ ಮೇಲೆ ತುದಿಯ ಮೂತಿಯನ್ನು ಕತ್ತರಿಸುತ್ತಾನೆ. ಗೊನೆ ಕೊಯ್ದ ಮೇಲೂ ಹಳೆಯ ಕಾಂಡದಲ್ಲಿರುವ ನೀರು ಮತ್ತು ಸಾರವು ಬುಡದ ಗೆಡ್ಡೆಯ ಮೂಲಕ ಕಂದಿಗೆ ಇಳಿಯುತ್ತಿರುತ್ತದೆ. ಸ್ಥಾನವನ್ನು ಬಿಟ್ಟ ತಾಯಿಯು ಪೋಷಣೆಯನ್ನು ಬಿಡಲಿಲ್ಲ!

ಶ್ರೀನಗರದಿಂದ ಅನತಿದೂರದ ಕತ್ತರಿಗುಪ್ಪೆಯಲ್ಲಿ 1956ರಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದ ಪೇಜಾವರ ಮಠದ ಶ್ರೀವಿಶ್ವೇಶತೀರ್ಥ ಶ್ರೀಪಾದರು 1952ರಿಂದ 2018ರವರೆಗಿನ ಅವಧಿಯಲ್ಲಿ ಐದು ಪರ್ಯಾಯಗಳನ್ನು ನೆರವೇರಿಸಿದರು. ಐದು ಬಾರಿ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಪಡೆದರೆಂದು ನಾವು ಸ್ಮರಿಸುತ್ತೇವೆ. ಐದು ಬಾರಿಯೂ ಮುಂದಿನವರಿಗೆ ಒಪ್ಪಿಸಿದರೆಂಬುದನ್ನೂ ಸ್ಮರಿಸಬೇಕು. 2019ರ ಡಿಸೆಂಬರ್ 29ರಂದು ಹರಿಪಾದವನ್ನು ಸೇರಿದ ಅವರ ವೃಂದಾವನವು ಅದೇ ವಿದ್ಯಾಪೀಠದಲ್ಲಿದೆ. ಅವರು ನೆಟ್ಟ ವಿದ್ಯೆಯ ಸಸಿಯ ನೆರಳಿನಲ್ಲಿ ಇಂದಿಗೂ ವಿದ್ಯಾರ್ಥಿಗಳು ಅಧ್ಯಯನ ಮಾಡುತ್ತಿದ್ದಾರೆ.

ರಾಜ್ಯ ಬಿಟ್ಟವನಿಗೆ ಜಿಂಕೆ ಬಿಡಲಾಗಲಿಲ್ಲ

ಬಿಡುವುದು ಎಷ್ಟು ಕಷ್ಟವೆಂಬುದಕ್ಕೆ ಭಾಗವತದ ಪಂಚಮಸ್ಕಂಧದ ಭರತರಾಜನ ಚರಿತ್ರೆಯೇ ಸಾಕ್ಷಿ. ಸಮಸ್ತ ರಾಜ್ಯವನ್ನು ಮಕ್ಕಳಿಗೆ ಹಂಚಿ ಗಂಡಕೀತೀರಕ್ಕೆ ಬಂದ ಮಹಾನುಭಾವನು ನೀರಿನಲ್ಲಿ ತೇಲಿಹೋಗುತ್ತಿದ್ದ ಜಿಂಕೆಯ ಮರಿಯನ್ನು ಎತ್ತಿ ಸಲಹಿದನು. ಎತ್ತಿದ್ದು ದಯೆ, ಅದರಲ್ಲಿ ದೋಷವಿಲ್ಲ. ಆದರೆ ಮರಿಯು ಬೆಳೆದು ಕಾಡಿಗೆ ಸೇರುವ ಕಾಲ ಬಂದರೂ ಅವನ ಮನಸ್ಸು ಅದನ್ನು ಬಿಡಲಿಲ್ಲ. ಜಪದಲ್ಲಿ ಜಿಂಕೆ, ಊಟದಲ್ಲಿ ಜಿಂಕೆ, ಅಂತ್ಯಕಾಲದಲ್ಲಿಯೂ ಜಿಂಕೆ. ಮರುಜನ್ಮದಲ್ಲಿ ಜಿಂಕೆಯಾಗಿಯೇ ಹುಟ್ಟಬೇಕಾಯಿತು. ಸಿಂಹಾಸನಕ್ಕಿಂತಲೂ ನಾವೇ ಕೈಯಾರೆ ಬೆಳೆಸಿದುದನ್ನು ಬಿಡುವುದು ಕಠಿನ.

ಗರ್ಭಗುಡಿಯ ಬೀಗದ ಕೈ

ಇದನ್ನು ನಾನು ಕಂಡದ್ದು ನನ್ನ ಮನೆಯಲ್ಲಿಯೇ. ತಂದೆಯವರು ಸುಮಾರು ನಲವತ್ತು ವರ್ಷ ದೇವರ ಅಲಂಕಾರವನ್ನು ತಾವೇ ಮಾಡುತ್ತಿದ್ದರು. ಗಂಧ ತೇಯುವುದು, ನೀರು ತರುವುದು, ದೀಪದ ಬತ್ತಿ ಹೊಸೆಯುವುದು ನನ್ನ ಪಾಲು. ಬಿ.ಎ. ಮುಗಿದು ಕೆಲವು ವರ್ಷಗಳಾದರೂ ಅದು ಬದಲಾಗಲಿಲ್ಲ. ಅವರ ಬೆರಳುಗಳು ನಡುಗತೊಡಗಿದ್ದವು. ನಾನು ಮುಂದೆ ಬಂದರೆ "ಇರಲಿ ಬಿಡು, ನಾನೇ ಮಾಡ್ತೀನಿ" ಎನ್ನುತ್ತಿದ್ದರು. ನನ್ನ ಮನಸ್ಸು ಕಹಿಯಾಯಿತು. ಹೊರಗೆ ಒಂದು ಗುಮಾಸ್ತೆ ಕೆಲಸಕ್ಕೆ ಅರ್ಜಿಯನ್ನೂ ಬರೆದು ಪುಸ್ತಕದ ನಡುವೆ ಇಟ್ಟುಕೊಂಡಿದ್ದೆನು.

ಒಂದು ಉತ್ಥಾನ ದ್ವಾದಶಿಯ ಬೆಳಿಗ್ಗೆ ಅವರು ಗರ್ಭಗುಡಿಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ತಾವು ಹೊರಗೆ ಕಂಬಕ್ಕೊರಗಿ ಕುಳಿತರು. ಅಂದು ನಾನು ಇಟ್ಟ ನಾಮ ಸೊಟ್ಟಗಾಯಿತು. ಹಾರವೂ ಒಂದು ಪಕ್ಕಕ್ಕೆ ಜಾರಿತು. ಅವರು ಕಂಡರು, ಎದ್ದು ಬರಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಸುಮ್ಮನೆ ಕುಳಿತಿರುವುದು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಕಂಬವನ್ನು ಹಿಡಿದಿದ್ದ ಕೈಯಿಂದ ತಿಳಿಯುತ್ತಿತ್ತು. ಮರುದಿನ, "ಗಂಧ ಸ್ವಲ್ಪ ಗಟ್ಟಿಯಾಗಿ ತೇಯಿ, ಆಗ ಜಾರಲ್ಲ" ಎಂದಷ್ಟೇ ಹೇಳಿದರು. ದಿನಬಿಟ್ಟು ದಿನ ನನ್ನ ಕೈ ತಿದ್ದಿಕೊಂಡಿತು. ಬರೆದಿಟ್ಟ ಅರ್ಜಿಯನ್ನು ನಾನು ಹರಿದು ಹಾಕಿದೆನು. ಅವರು ಇಂದಿಗೂ ಬೆಳಗಾದರೆ ತುಳಸಿಯ ಕುಡಿಯನ್ನು ಚಿವುಟಿ ಬುಟ್ಟಿಯಲ್ಲಿ ತಂದು ಹೊಸ್ತಿಲ ಹೊರಗಿಟ್ಟು ಹೋಗುತ್ತಾರೆ.

ಮನೆಯಲ್ಲಿ ಆಚರಿಸಬೇಕಾದುದು

ನಮ್ಮ ಬಡಾವಣೆಯ ಅನೇಕ ಮನೆಗಳಲ್ಲಿ ಮಕ್ಕಳು ಪರದೇಶಕ್ಕೆ ಹೊರಡುವ, ಅಡಿಗೆಮನೆಯು ಸೊಸೆಯ ಕೈಗೆ ಬರುವ, ವ್ಯವಹಾರವು ಮಗನಿಗೆ ಸೇರುವ ಕಾಲ ಬಂದಿದೆ. ಹಿರಿಯರಲ್ಲಿ ವಿಜ್ಞಾಪನೆಯೇನೆಂದರೆ, ಕೊಡುವುದಾದರೆ ಪೂರ್ತಿಯಾಗಿ ಕೊಡಿರಿ. ಬೀಗದ ಕೈಯನ್ನು ಕೊಟ್ಟು ಬಾಗಿಲಲ್ಲಿ ತಾವೇ ನಿಂತರೆ ಕೊಟ್ಟಂತಾಗದು. ಮೊದಲ ತಪ್ಪುಗಳನ್ನು ಗಿಡವು ಬಾಡುವ ದಿನಗಳೆಂದು ಸಹಿಸಿರಿ. ಕೇಳಿದಾಗ ಹೇಳಲು ಹತ್ತಿರದಲ್ಲಿರಿ.

ಕಿರಿಯರೂ ಒಂದನ್ನು ನೆನಪಿಡಬೇಕು. ವೃದ್ಧ ತಂದೆತಾಯಿಗಳನ್ನು ಒಂಟಿಯಾಗಿಸಿ "ಮೋಹ ಬಿಟ್ಟೆವು" ಎನ್ನುವುದು ತಾಮಸತ್ಯಾಗವೇ ಹೊರತು ವೈರಾಗ್ಯವಲ್ಲ. ಕಂದು ಎಷ್ಟು ಎತ್ತರಕ್ಕೆ ಹೋದರೂ ಅದರ ಬುಡವಿರುವುದು ಹಳೆಯ ಗೆಡ್ಡೆಯಲ್ಲಿಯೇ.

ಈ ಬಾರಿ ತುಳಸೀಪೂಜೆಯ ಮುನ್ನಾದಿನ ಏಕಾದಶಿ, ಮರುದಿನ ದ್ವಾದಶಿ. ದ್ವಾದಶಿಯಂದು ತುಳಸಿಯನ್ನು ಕೊಯ್ಯುವಂತಿಲ್ಲ. ಆದುದರಿಂದ ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಮನೆಯ ಮಕ್ಕಳನ್ನು ಕುಂಡದ ಬಳಿಗೆ ಕರೆದು, ಮಂಜರಿಯನ್ನು ಎರಡು ಎಲೆಗಳೊಡನೆ ಮೃದುವಾಗಿ ಬಿಡಿಸುವುದನ್ನು ಅವರ ಕೈಯಿಂದಲೇ ಮಾಡಿಸಿರಿ. ಅದನ್ನು ದೇವರಿಗೆ ಏರಿಸಲಿ. ಕೆಲವು ದಿನಗಳಲ್ಲಿ ಬಿಡಿಸಿದ ಜಾಗದ ಇಕ್ಕೆಲಗಳಲ್ಲಿ ಎರಡು ಚಿಗುರು ಮೂಡುವುದನ್ನು ಅವರೇ ಬಂದು ನಿಮಗೆ ತೋರಿಸುವರು.

ಶ್ರೀಕೃಷ್ಣಾರ್ಪಣಮಸ್ತು