ಕಾಲೇಜಿನ ಹೆಸರು ಕೇಳಿದಾಗ

ಅಮೃತಾಪುರದ ಕಡೆಯಿಂದ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿ ಎಂಜಿನಿಯರಿಂಗ್ ಓದಿ, ಅಡಿಕೆ ಸುಲಿಯುವ ಯಂತ್ರದಂಥದ್ದೇನೋ ಮಾಡಿ ಕಂಪನಿ ಕಟ್ಟಲು ಹೊರಟಿರುವ ತಮ್ಮ ತಂಗಿಯರೇ, ಹೂಡಿಕೆದಾರರು ಕಾಲೇಜಿನ ಹೆಸರು ನೋಡುತ್ತಾರೆ ಅನ್ನುವುದು ನಿಜ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದ ಇಬ್ಬರೂ ದೆಹಲಿ ಐಐಟಿಯವರು. ಅಂಥ ಕಡೆ ಓದಿದವರಿಗೆ ಪರಿಚಯದ ಬಲ ದೊಡ್ಡದು. ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಫೋನ್ ಮಾಡಿದರೆ ಭೇಟಿಗೆ ಸಮಯ ಸಿಗುತ್ತದೆ.

ನಿಮಗೆ ಆ ಬಲ ಇಲ್ಲದಿದ್ದರೆ ಲೆಕ್ಕದ ಪುಸ್ತಕ ತೋರಿಸಿ. ತರೀಕೆರೆ, ಅಜ್ಜಂಪುರದ ಎಷ್ಟು ರೈತರು ದುಡ್ಡು ಕೊಟ್ಟು ಯಂತ್ರ ಕೊಂಡರು, ಸುಗ್ಗಿಯಲ್ಲಿ ಎಷ್ಟು ಸಲ ಕೆಟ್ಟಿತು, ರಿಪೇರಿಗೆ ಎಷ್ಟು ಹೊತ್ತು ಹಿಡಿಯಿತು, ಯಾರು ನೆಂಟರಿಗೂ ಹೇಳಿ ಕಳಿಸಿದರು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿ. ಯಾವ ಪದವಿಯೂ ಈ ಪುಟಗಳಷ್ಟು ಮಾತಾಡುವುದಿಲ್ಲ.

ದೊಡ್ಡ ಕಾಲೇಜಿನ ಹೆಸರಿಲ್ಲದೆಯೂ ದಾರಿ ಇದೆ. 2010ರಲ್ಲಿ ಶುರುವಾದ ಷೇರು ದಲ್ಲಾಳಿ ಕಂಪನಿ ಜೆರೋಧಾ ಹೊರಗಿನವರ ಹೂಡಿಕೆ ಇಲ್ಲದೆಯೇ ಬೆಳೆಯಿತು. ಅದರ ಸಹಸ್ಥಾಪಕ ನಿಖಿಲ್ ಕಾಮತ್ ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರು. (ಹಾಗಂತ ನೀವು ಓದು ಬಿಡಬೇಡಿ.)

ಹೊಸ ಕಂಪನಿಗಳಿಗಾಗಿ ಇರುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಅರ್ಜಿ ಕರೆದಾಗ ತಪ್ಪದೆ ಹಾಕಿ. ನಿಮ್ಮದೇ ಕಾಲೇಜಿನಿಂದ ಬೆಂಗಳೂರು ಸೇರಿದ ಸೀನಿಯರ್‌ಗಳ ಪಟ್ಟಿಯನ್ನೂ ಈ ವಾರವೇ ಮಾಡಿ. ಅವರ ಹತ್ತಿರ ಮೊದಲು ಸಲಹೆ ಕೇಳಿ, ಹಣದ ಮಾತು ಆಮೇಲೆ.