ಸ್ವಂತ ಮನೆಗೂ ಕಟ್ಟಡ ನಿಯಮ ಬೇಕೆ?

ಪ್ರಶ್ನೆ: ಬೆಂಗಳೂರಿನ 30x40 ನಿವೇಶನದಲ್ಲಿ ನಮ್ಮ ಎರಡಂತಸ್ತಿನ ಹಳೆಯ ಮನೆಯಿದೆ. ಬಾಡಿಗೆಗೆಂದು ಇನ್ನೊಂದು ಮಹಡಿ ಏರಿಸಬೇಕು. ಪ್ಲಾನ್ ಮಂಜೂರಾತಿ ಬೇಡ ಎನ್ನುತ್ತಾರೆ ಮೇಸ್ತ್ರಿ. ನಿಜವೇ?

ಉತ್ತರ: ಮಂಜೂರಾತಿ ಬೇಕೇ ಬೇಕು. ಮನೆ ನಿಮ್ಮದಾದರೂ ಕುಸಿದರೆ ಬಾಡಿಗೆದಾರರ ಮೇಲೆ, ಪಕ್ಕದವರ ಮೇಲೆ, ಕೆಲಸಗಾರರ ಮೇಲೆ ಬೀಳುತ್ತದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನದೇ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಸತ್ತವರು ಅಲ್ಲಿ ದುಡಿಯುತ್ತಿದ್ದ ಕೂಲಿಕಾರರು.

ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಪಾಯದ ಬದಿಯಲ್ಲಿ ಗುಂಡಿ ತೋಡಿಸಿ ಫುಟಿಂಗ್ ಅಳತೆ ನೋಡಲಿ, ಕಂಬಗಳ ಕಾಂಕ್ರೀಟಿನ ಗಟ್ಟಿತನ ತಿಳಿಯಲು ರೀಬೌಂಡ್ ಹ್ಯಾಮರ್ ಪರೀಕ್ಷೆ ಮಾಡಲಿ. ಸಂಶಯ ಉಳಿದರೆ ಕಾಂಕ್ರೀಟನ್ನು ಕೊರೆದು ತುಂಡು (ಕೋರ್) ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಲಿ. ಕಂಬಗಳೇ ಇಲ್ಲದೆ ಗೋಡೆಯ ಮೇಲೆ ನಿಂತ ಮನೆಯಾದರೆ, ಮಹಡಿಯ ಯೋಚನೆ ಬಿಡುವುದೇ ವಾಸಿ ಎಂದು ನಾನು ಹೇಳುತ್ತೇನೆ. ವರದಿ ಲಿಖಿತವಾಗಿ ಕೈಗೆ ಬಂದ ಮೇಲೆಯೇ ಪಾಲಿಕೆಗೆ ಅರ್ಜಿ. ಗೋಡೆ, ತೊಲೆಗಳಲ್ಲಿ ಓರೆ ಬಿರುಕು ಕಂಡಿದ್ದರೆ ಎಂಜಿನಿಯರ್ ಬರುವತನಕ ತಾರಸಿಗೆ ಒಂದು ಇಟ್ಟಿಗೆಯನ್ನೂ ಏರಿಸಬೇಡಿ.